ಸೋಲಾರಿಸ್ 11.4ಕ್ಕೆ ಎಂಜಿನ್‌ಎಕ್ಸ್ ಪ್ಯಾಕೇಜು ಕಟ್ಟುವಾಗ ಎಲ್ಲೆಲ್ಲಿ ಕೈಕೊಡುತ್ತದೆ?

ಕುಶಾಲನಗರ ಕನ್ಸೋಲ್
ನಮಸ್ಕಾರ. ಒರಾಕಲ್‌ನ ಸೋಲಾರಿಸ್ ಆಪರೇಟಿಂಗ್ ಸಿಸ್ಟಂ ಓಡುವ ಮೂರು ಸ್ಪಾರ್ಕ್ (ಪ್ರೊಸೆಸರಿನ ಬಗೆ) ಯಂತ್ರಗಳಿವೆ: ಕುಶಾಲನಗರದಲ್ಲಿ ಎರಡು (ಸೋಲಾರಿಸ್ 11.4), ವಿರಾಜಪೇಟೆಯಲ್ಲಿ ಒಂದು (ಸೋಲಾರಿಸ್ 10). ಹೊರಗಿನ ಒಂದು ಮಾಡ್ಯೂಲ್ ಸೇರಿಸಿದ ಎಂಜಿನ್‌ಎಕ್ಸ್ ವೆಬ್ ಸರ್ವರ್ 1.26.2 ಮೂರಕ್ಕೂ ಬೇಕು. ಜಿಮೇಕ್ ಇನ್‌ಸ್ಟಾಲ್ ಹೊಡೆದರೆ ಕಟ್ಟಿದ ಯಂತ್ರದಲ್ಲಿ ಓಡುತ್ತದೆ. ಅದನ್ನೇ ಟಾರ್ ಮಾಡಿ ಪಕ್ಕದ ಯಂತ್ರಕ್ಕೆ ಹಾಕಿದರೆ "ಎಲ್‌ಡಿ.ಎಸ್‌ಒ.1: ಫೇಟಲ್: ಓಪನ್ ಫೇಲ್ಡ್" ಅಂತ ಪಿಸಿಆರ್‌ಇ2 ಲೈಬ್ರರಿ ಹೆಸರು ಹೇಳಿ ಸಾಯುತ್ತದೆ. ಟಾರ್ ಗೀರ್ ಬಿಟ್ಟು ಸರಿಯಾಗಿ ಪ್ಯಾಕೇಜು ಮಾಡಬೇಕು. ಎಲ್ಲಿಂದ ಶುರು ಮಾಡಲಿ?

(ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ನೀವೂ ಹಾಗೇ ಬರೆದರೆ ಓದಲು ಸಲೀಸು.)

ಸ್ಪಾರ್ಕ್ ಅಜ್ಜ, ಮಡಿಕೇರಿ
ಮೊದಲು ನೋಡಬೇಕಾದ್ದು, ಸಿದ್ಧ ಪ್ಯಾಕೇಜು ಇದೆಯೋ ಅಂತ. "ಪಿಕೆಜಿ ಲಿಸ್ಟ್ -ಎ" ಹೊಡೆದು ಹೆಸರು ಹುಡುಕಿ. ಇದ್ದು, ಸಾಕಾಗುವಂತಿದ್ದರೆ ಅದನ್ನೇ ಹಾಕಿ. ನಿಮಗೆ ಹೊರಗಿನ ಮಾಡ್ಯೂಲ್ ಬೇಕು ಅಂದಿದ್ದೀರಿ, ಹಾಗಾಗಿ ಕಟ್ಟಲೇಬೇಕು. ಕಟ್ಟುವ ಮುಂಚೆ ಒರಾಕಲ್‌ನ ಸೋಲಾರಿಸ್-ಯೂಸರ್‌ಲ್ಯಾಂಡ್ ಸೋರ್ಸ್ ಗಿಟ್‌ಹಬ್‌ನಲ್ಲಿ ಬಿಚ್ಚಿ ನೋಡಿ. ಒಂದೊಂದು ತಂತ್ರಾಂಶಕ್ಕೂ ಅವರು ಹಾಕಿದ ಪ್ಯಾಚುಗಳು, ಮೇಕ್‌ಫೈಲು, ಪಿ5ಎಂ ಮ್ಯಾನಿಫೆಸ್ಟ್ (ಪ್ಯಾಕೇಜಿನಲ್ಲಿ ಏನೇನಿದೆ ಅನ್ನುವ ಪಟ್ಟಿ) ಎಲ್ಲ ಅಲ್ಲಿವೆ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಈಗ ನಿಮ್ಮ ತೊಂದರೆ. ಅದು ಪ್ಯಾಕೇಜಿನದ್ದಲ್ಲ, ಲಿಂಕ್ ಮಾಡುವಾಗ ಬಿಟ್ಟದ್ದು. ಲಿನಕ್ಸ್‌ನಲ್ಲಿ ಎಲ್‌ಡಿಕಾನ್ಫಿಗ್ ಇರುವುದರಿಂದ ಲೈಬ್ರರಿ ಎಲ್ಲಿದ್ದರೂ ಸಿಗುತ್ತದೆ ಅನ್ನುವ ಅಭ್ಯಾಸ ನಮಗೆ. ಇಲ್ಲಿ ಲೈಬ್ರರಿ ಇರುವ ದಾರಿಯನ್ನು ಬೈನರಿಯೊಳಗೇ ಬರೆದಿಡಬೇಕು. ಅದೇ ರನ್‌ಪಾತ್. -ಎಲ್ ಕೊಟ್ಟರೆ ಕಟ್ಟುವ ಹೊತ್ತಿಗೆ ಮಾತ್ರ ಸಿಗುತ್ತದೆ, ಓಡುವಾಗ ಸಿಗಬೇಕಾದರೆ -ಆರ್ ಬೇಕು (ಎರಡೂ ದೊಡ್ಡಕ್ಷರದ್ದು). ಎಂಜಿನ್‌ಎಕ್ಸ್‌ನ ಕಾನ್ಫಿಗರ್ ಆಟೋಕಾನ್ಫ್ ಅಲ್ಲ, ಅವರೇ ಕೈಯಲ್ಲಿ ಬರೆದ ಶೆಲ್ ಸ್ಕ್ರಿಪ್ಟು. ಆದ್ದರಿಂದ ಎಲ್‌ಡಿಫ್ಲಾಗ್ಸ್ ಎಕ್ಸ್‌ಪೋರ್ಟ್ ಮಾಡುವ ಬದಲು ಅದರದೇ ಆಯ್ಕೆಗಳಲ್ಲಿ ಕೊಡಿ:

--ವಿತ್-ಸಿಸಿ-ಆಪ್ಟ್="-ಎಂ64"
--ವಿತ್-ಎಲ್‌ಡಿ-ಆಪ್ಟ್="-ಎಂ64 -ಎಲ್/ಆಪ್ಟ್/ಕೊಡಗು/ಲಿಬ್/64 -ಡಬ್ಲ್ಯುಎಲ್,-ಆರ್,/ಆಪ್ಟ್/ಕೊಡಗು/ಲಿಬ್/64"

64 ಬಿಟ್‌ಗೆ ಕಟ್ಟು ಅನ್ನುವ -ಎಂ64 ಎರಡೂ ಕಡೆ ಇರಲಿ. ಒಂದು ಕಡೆ ಮರೆತರೆ "ರಾಂಗ್ ಎಲ್ಫ್ ಕ್ಲಾಸ್: ಎಲ್ಫ್‌ಕ್ಲಾಸ್32" ಅಂತ ಲಿಂಕರ್ ಮುಖಕ್ಕೆ ಹೊಡೆಯುತ್ತದೆ. ಕಟ್ಟಿದ ಮೇಲೆ "ಎಲ್ಫ್‌ಡಂಪ್ -ಡಿ" ಓಡಿಸಿ ನೀಡೆಡ್, ರನ್‌ಪಾತ್ ಸಾಲು ನೋಡಿ. ರನ್‌ಪಾತ್ ಸಾಲಿನಲ್ಲಿ ನಿಮ್ಮ ಹೋಮ್ ಡೈರೆಕ್ಟರಿ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ, ಮತ್ತೆ ಕಟ್ಟಿ.

ಎಲ್‌ಡಿ_ಲೈಬ್ರರಿ_ಪಾತ್ ಹಾಕಿ ಸುಧಾರಿಸುತ್ತೇನೆ ಅನ್ನಬೇಡಿ. ಅದು ಆ ಪ್ರೋಸೆಸ್ಸಿನಿಂದ ಹುಟ್ಟುವ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ.

ಗೋಣಿಕೊಪ್ಪ ಗ್ರೆಪ್
ಅಜ್ಜ, "ಸಿಆರ್‌ಎಲ್‌ಇ -ಎಲ್" (ಚಿಕ್ಕಕ್ಷರದ್ದು) ಅಂತ ಒಂದು ಸಾಲು ಹೊಡೆದರೆ ಇಡೀ ಯಂತ್ರಕ್ಕೇ ದಾರಿ ಸೇರುತ್ತದಲ್ಲ? ಅದು ಸುಲಭ ಅಲ್ಲವಾ?

ಸ್ಪಾರ್ಕ್ ಅಜ್ಜ, ಮಡಿಕೇರಿ
ಸುಲಭವೇ, ಯಂತ್ರ ಕೆಡಿಸಲೂ ಅಷ್ಟೇ ಸುಲಭ. -ಯು ಇಲ್ಲದೆ -ಎಲ್ ಕೊಟ್ಟರೆ ಇದ್ದ ದಾರಿಗೆ ಹೊಸದು ಸೇರುವುದಿಲ್ಲ. /ಲಿಬ್, /ಯುಎಸ್‌ಆರ್/ಲಿಬ್ ಎರಡೂ ಹೋಗಿ ನಿಮ್ಮದೊಂದೇ ಉಳಿಯುತ್ತದೆ. ಮರುಕ್ಷಣದಿಂದ ಎಲ್‌ಎಸ್ ಕೂಡ ಓಡದ ಸ್ಥಿತಿ ಬರಬಹುದು. ಆಗಿಹೋದರೆ: ತೆರೆದಿರುವ ಶೆಲ್ ಮುಚ್ಚಬೇಡಿ, ಎಲ್‌ಡಿ_ನೋಕಾನ್ಫಿಗ್=ಯೆಸ್ ಅಂತ ಎಕ್ಸ್‌ಪೋರ್ಟ್ ಮಾಡಿ, /ವರ್/ಎಲ್‌ಡಿ/ಎಲ್‌ಡಿ.ಕಾನ್ಫಿಗ್ ತೆಗೆಯಿರಿ (64 ಬಿಟ್‌ನದ್ದು /ವರ್/ಎಲ್‌ಡಿ/64ರ ಒಳಗೆ). ಇನ್ನೊಂದು ಮಾತು: ಪ್ಯಾಕೇಜು ಹಾಕಿಕೊಂಡವರ ಯಂತ್ರದಲ್ಲಿ ನೀವು ಸಿಆರ್‌ಎಲ್‌ಇ ಓಡಿಸುವ ಹಾಗೇ ಇಲ್ಲ.

ಸೋರ್ಸ್ ಇಲ್ಲದೆ ಬೈನರಿಯಾಗಿಯೇ ಬಂದ ಲೈಬ್ರರಿಯಲ್ಲಿ ರನ್‌ಪಾತ್ ತಪ್ಪಿದ್ದರೆ ಎಲ್ಫ್‌ಎಡಿಟ್ ಇದೆ: "ಎಲ್ಫ್‌ಎಡಿಟ್ -ಇ 'ಡೈನ್:ರನ್‌ಪಾತ್ ಹೊಸದಾರಿ' ಫೈಲು". ಮತ್ತೆ ಲಿಂಕ್ ಮಾಡದೆಯೇ ತಿದ್ದುತ್ತದೆ.

ಸೋಮವಾರಪೇಟೆ ಶೆಲ್
ಬೈನರಿ ಸರಿಹೋಯಿತು ಅಂತ ಇಟ್ಟುಕೊಂಡು ಮುಂದಿನದು ಹೇಳುತ್ತೇನೆ.

ನೇರ ಸಿಸ್ಟಂಗೆ ಇನ್‌ಸ್ಟಾಲ್ ಮಾಡಬೇಡಿ. ಕಾಫಿಯನ್ನು ಕಣದಲ್ಲಿ ಹರಡಿ, ಕಸ ಹೆಕ್ಕಿ, ಆಮೇಲೆ ತಾನೇ ಮೂಟೆ ಕಟ್ಟುವುದು? ಆ ಕಣ ಇಲ್ಲಿ ಪ್ರೋಟೋ ಡೈರೆಕ್ಟರಿ. "ಜಿಮೇಕ್ ಇನ್‌ಸ್ಟಾಲ್ ಡೆಸ್ಟ್‌ಡಿರ್=/ವರ್/ಟಿಎಂಪಿ/ಪ್ರೋಟೋ". ರೂಟ್ ಬೇಕಾಗಿಲ್ಲ, ಸಾಮಾನ್ಯ ಲಾಗಿನ್ ಸಾಕು.

ಎಂಜಿನ್‌ಎಕ್ಸ್‌ನ ಮೇಕ್‌ಫೈಲಿಗೆ ಎರಡು ಚಾಳಿಗಳಿವೆ. ಪ್ರೋಟೋದಲ್ಲಿ ಹಳೆಯ ಬೈನರಿ ಇದ್ದರೆ ಅದನ್ನು ಎಂಜಿನ್‌ಎಕ್ಸ್.ಓಲ್ಡ್ ಅಂತ ಮಾಡಿ ಹೊಸದನ್ನು ಹಾಕುತ್ತದೆ. ಆ .ಓಲ್ಡ್ ಕೂಡ ಸದ್ದಿಲ್ಲದೆ ನಿಮ್ಮ ಪ್ಯಾಕೇಜು ಸೇರುತ್ತದೆ. ಎರಡನೆಯದು, ಕಾನ್ಫ್ ಫೈಲು ಆಗಲೇ ಇದ್ದರೆ ಮತ್ತೆ ನಕಲು ಮಾಡುವುದಿಲ್ಲ, ಹಾಗಾಗಿ ಹಳೆಯ ಕಾನ್ಫ್ ಹೊಸ ಪ್ಯಾಕೇಜಿಗೆ ಹೋಗುತ್ತದೆ. ಆದ್ದರಿಂದ ಪ್ರತಿ ಸಲವೂ ಪ್ರೋಟೋ ಪೂರ್ತಿ ಅಳಿಸಿ ಶುರು ಮಾಡಿ.

ಆಮೇಲಿನ ಸರಣಿ:
1. ಪಿಕೆಜಿಸೆಂಡ್ ಜನರೇಟ್ ಪ್ರೋಟೋ | ಪಿಕೆಜಿಎಫ್‌ಎಂಟಿ > ಎನ್.ಪಿ5ಎಂ.1
2. ಪಿಕೆಜಿಮೋಗ್ರಿಫೈ ಎನ್.ಪಿ5ಎಂ.1 ಎನ್.ಮೋಗ್ | ಪಿಕೆಜಿಎಫ್‌ಎಂಟಿ > ಎನ್.ಪಿ5ಎಂ.2
3. ಪಿಕೆಜಿಡಿಪೆಂಡ್ ಜನರೇಟ್ -ಎಂಡಿ ಪ್ರೋಟೋ ಎನ್.ಪಿ5ಎಂ.2 > ಎನ್.ಪಿ5ಎಂ.3
4. ಪಿಕೆಜಿಡಿಪೆಂಡ್ ರಿಸಾಲ್ವ್ -ಎಂ ಎನ್.ಪಿ5ಎಂ.3 (ಕೊನೆಗೆ .ರೆಸ್ ಸೇರಿದ ಫೈಲು ಬರುತ್ತದೆ)
5. ಪಿಕೆಜಿಲಿಂಟ್ ಎನ್.ಪಿ5ಎಂ.3.ರೆಸ್
6. ಪಿಕೆಜಿಸೆಂಡ್ -ಎಸ್ ರೆಪೋ ಪಬ್ಲಿಶ್ -ಡಿ ಪ್ರೋಟೋ ಎನ್.ಪಿ5ಎಂ.3.ರೆಸ್

ರೆಪೋ ಇಲ್ಲದಿದ್ದರೆ ಮೊದಲು "ಪಿಕೆಜಿರೆಪೋ ಕ್ರಿಯೇಟ್" ಮಾಡಿ, ಪಬ್ಲಿಶರ್ ಹೆಸರು ಸೆಟ್ ಮಾಡಿಕೊಳ್ಳಿ.

ಮೋಗ್ ಫೈಲಿನಲ್ಲಿ (ಮ್ಯಾನಿಫೆಸ್ಟ್ ತಿದ್ದುವ ನಿಯಮಗಳ ಫೈಲು) ಎಫ್‌ಎಂಆರ್‌ಐ, ಅಂದರೆ ಪ್ಯಾಕೇಜಿನ ಪೂರ್ತಿ ಹೆಸರು ಕೊಡುವಾಗ ಆವೃತ್ತಿ "1.26.2-1" ಅಂತಿರಲಿ. ಅಪ್‌ಸ್ಟ್ರೀಮ್ ಸಂಖ್ಯೆ ಹಾಗೇ ಇದ್ದು ನೀವು ಮತ್ತೆ ಕಟ್ಟಿದರೆ ಅಡ್ಡಗೆರೆಯ ಆಚೆಯದನ್ನು 2 ಮಾಡಿ. ಐಪಿಎಸ್ (ಸೋಲಾರಿಸ್ 11ರ ಪ್ಯಾಕೇಜು ವ್ಯವಸ್ಥೆ) ಆವೃತ್ತಿಯಲ್ಲಿ ಅಕ್ಷರ ನಡೆಯುವುದಿಲ್ಲ, ಮುಂದೆ ಸೊನ್ನೆ ಬರುವ ಸಂಖ್ಯೆಯೂ ನಡೆಯುವುದಿಲ್ಲ. 2024.05 ಅಂತಿದ್ದರೆ 2024.5 ಅಂತ ಬರೆಯಬೇಕು.

ಕುಶಾಲನಗರ ಕನ್ಸೋಲ್
ಅಕ್ಕ, 6ರವರೆಗೂ ಹೋಯಿತು. "ಪಿಕೆಜಿ ಇನ್‌ಸ್ಟಾಲ್ -ಎನ್‌ವಿ" ಕೊಟ್ಟರೆ /ವರ್ ಡೈರೆಕ್ಟರಿಯ ಬಗ್ಗೆ ಕಾನ್‌ಫ್ಲಿಕ್ಟ್ ಅನ್ನುತ್ತದೆ: ಸಿಸ್ಟಂ ಪ್ಯಾಕೇಜು ಗ್ರೂಪ್ ಸಿಸ್ ಅನ್ನುತ್ತದೆ, ನನ್ನದು ಬಿನ್ ಅನ್ನುತ್ತದೆ. ನಾನು /ವರ್ ಮುಟ್ಟಿಯೇ ಇಲ್ಲ!

ಸೋಮವಾರಪೇಟೆ ಶೆಲ್
ನೀವು ಮುಟ್ಟಿಲ್ಲ, ಜನರೇಟ್ ಮುಟ್ಟಿದೆ. ಪ್ರೋಟೋ ಒಳಗೆ ಕಂಡ ಪ್ರತಿ ಡೈರೆಕ್ಟರಿಗೂ ಅದು ಒಂದೊಂದು ಡಿರ್ ಸಾಲು ಬರೆದು ಓನರ್ ರೂಟ್, ಗ್ರೂಪ್ ಬಿನ್ ಅಂತ ಹಾಕುತ್ತದೆ. ಒಂದೇ ಡೈರೆಕ್ಟರಿಯನ್ನು ಹತ್ತು ಪ್ಯಾಕೇಜುಗಳು ಹಂಚಿಕೊಳ್ಳಬಹುದು, ಆದರೆ ಎಲ್ಲರೂ ಒಂದೇ ಓನರ್, ಗ್ರೂಪ್, ಮೋಡ್ ಹೇಳಬೇಕು. ಸಿಸ್ಟಂನ ಡೈರೆಕ್ಟರಿ ನಿಮ್ಮ ಆಸ್ತಿಯಲ್ಲ, ಉದುರಿಸಿಬಿಡಿ. ಮೋಗ್ ಫೈಲಿನಲ್ಲಿ:

<ಟ್ರಾನ್ಸ್‌ಫಾರ್ಮ್ ಡಿರ್ ಪಾತ್=(ಆಪ್ಟ್|ಇಟಿಸಿ|ಲಿಬ್|ಯುಎಸ್‌ಆರ್|ವರ್)$ -> ಡ್ರಾಪ್>

ಕೊನೆಯ $ ಮರೆತರೆ ಅದರಡಿಯ ನಿಮ್ಮ ಸ್ವಂತ ಡೈರೆಕ್ಟರಿಗಳೂ ಉದುರುತ್ತವೆ. /ಲಿಬ್/ಎಸ್‌ವಿಸಿ, /ವರ್/ಶೇರ್ ತರಹದ ಒಳದಾರಿಗಳಿಗೂ ಇಂಥದ್ದೇ ಸಾಲು ಹಾಕಿ.

ಕಾನ್ಫ್ ಫೈಲಿಗೆ ಪ್ರಿಸರ್ವ್=ರಿನೇಮ್‌ನ್ಯೂ ಸೇರಿಸಿ. ಬಳಸುವವರು ತಿದ್ದಿದ ಫೈಲು ಹಾಗೇ ಉಳಿದು ಹೊಸದು .ನ್ಯೂ ಅಂತ ಪಕ್ಕದಲ್ಲಿ ಕೂರುತ್ತದೆ. ಬರೀ ಪ್ರಿಸರ್ವ್=ಟ್ರೂ ಆದರೆ ಹೊಸದು ಬರುವುದೇ ಇಲ್ಲ, ಏನು ಬದಲಾಗಿದೆ ಅಂತಲೂ ಗೊತ್ತಾಗುವುದಿಲ್ಲ. ಏನೂ ಹಾಕದಿದ್ದರೆ ಅಪ್‌ಡೇಟ್ ದಿನ ತಿದ್ದಿದ್ದೆಲ್ಲ ಹೋಯಿತು, ಬೈಗುಳ ನಿಮಗೆ. ಲೈಸೆನ್ಸ್ ಫೈಲನ್ನೂ ಲೈಸೆನ್ಸ್ ಆಕ್ಷನ್ ಆಗಿ ಸೇರಿಸಿ. ಎಂಜಿನ್‌ಎಕ್ಸ್ ಬಿಎಸ್‌ಡಿ ಲೈಸೆನ್ಸಿನದು, ಬೈನರಿ ಹಂಚುವಾಗ ಆ ಹಾಳೆ ಜೊತೆಗಿರಬೇಕು.

ಗೋಣಿಕೊಪ್ಪ ಗ್ರೆಪ್
ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟು ಎಲ್ಲಿ ಇಡುವುದು? ಯೂಸರ್ ಸೃಷ್ಟಿ, ಸರ್ವಿಸ್ ಎನೇಬಲ್ ಎಲ್ಲ ಅಲ್ಲೇ ಮಾಡುವುದಲ್ಲವಾ?

ಸ್ಪಾರ್ಕ್ ಅಜ್ಜ, ಮಡಿಕೇರಿ
ಐಪಿಎಸ್‌ನಲ್ಲಿ ಪೋಸ್ಟ್‌ಇನ್‌ಸ್ಟಾಲ್ ಇಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಇಟ್ಟಿಲ್ಲ. ಪ್ಯಾಕೇಜು ಸದಾ ಓಡುತ್ತಿರುವ ಸಿಸ್ಟಂಗೇ ಹೋಗುತ್ತದೆ ಅನ್ನುವ ಹಾಗಿಲ್ಲ. ಇನ್ನೂ ಬೂಟ್ ಆಗದ ಬೂಟ್ ಎನ್ವಿರಾನ್‌ಮೆಂಟಿಗೆ (ಸಿಸ್ಟಂನ ಬೂಟ್ ಮಾಡಬಲ್ಲ ಇನ್ನೊಂದು ನಕಲು) ಹೋಗಬಹುದು, ಝೋನ್‌ಗೆ (ಯಂತ್ರದೊಳಗಿನ ಪ್ರತ್ಯೇಕ ಸೋಲಾರಿಸ್ ಕೋಣೆ) ಹೋಗಬಹುದು. ಅಲ್ಲಿ ಸ್ಕ್ರಿಪ್ಟು ಓಡಿಸಿದರೆ ಕೆಲಸ ತಪ್ಪು ಜಾಗದಲ್ಲಿ ಆಗುತ್ತದೆ. ಹಳೆಯ ಪಿಕೆಜಿಆಡ್‌ಗೆ -ಆರ್ ಕೊಟ್ಟು ಬೇರೆ ರೂಟ್‌ಗೆ ಹಾಕುವಾಗ ಸ್ಕ್ರಿಪ್ಟಿನೊಳಗಿನ ಎಸ್‌ವಿಸಿಎಡಿಎಂ (ಸರ್ವಿಸ್ ನಿಯಂತ್ರಿಸುವ ಕಮಾಂಡು) ಕೂತಿರುವ ಯಂತ್ರದ ಸರ್ವಿಸನ್ನೇ ಕೆಡಿಸುತ್ತಿತ್ತು.

ಯೂಸರ್ ಬೇಕಾದರೆ ಮ್ಯಾನಿಫೆಸ್ಟಿನಲ್ಲಿ ಯೂಸರ್, ಗ್ರೂಪ್ ಆಕ್ಷನ್ ಬರೆಯಬಹುದು. ನಿಮಗೆ ಅದೂ ಬೇಡ: ವೆಬ್‌ಸರ್ವ್‌ಡಿ ಅನ್ನುವ ಯೂಸರ್ ಸೋಲಾರಿಸ್‌ನಲ್ಲೇ ಇದೆ, ಯುಐಡಿ 80, ಜಿಐಡಿ 80.

ಸರ್ವಿಸಿಗೆ ಎಸ್‌ಎಂಎಫ್ (ಸೋಲಾರಿಸ್‌ನಲ್ಲಿ ಸರ್ವಿಸುಗಳನ್ನು ನಡೆಸುವ ವ್ಯವಸ್ಥೆ) ಮ್ಯಾನಿಫೆಸ್ಟ್ ಬರೆದು /ಲಿಬ್/ಎಸ್‌ವಿಸಿ/ಮ್ಯಾನಿಫೆಸ್ಟ್ ಅಡಿಯಲ್ಲಿ ಇಡಿ. ಆ ಫೈಲಿನ ಸಾಲಿಗೆ ರೀಸ್ಟಾರ್ಟ್_ಎಫ್‌ಎಂಆರ್‌ಐ=ಎಸ್‌ವಿಸಿ:/ಸಿಸ್ಟಂ/ಮ್ಯಾನಿಫೆಸ್ಟ್-ಇಂಪೋರ್ಟ್:ಡಿಫಾಲ್ಟ್ ಸೇರಿಸಿ. ಇದಿಲ್ಲದಿದ್ದರೆ ಪ್ಯಾಕೇಜು ಬಿದ್ದಿರುತ್ತದೆ, ಎಸ್‌ವಿಸಿಎಸ್ ಹೊಡೆದರೆ ಸರ್ವಿಸ್ ಕಾಣುವುದೇ ಇಲ್ಲ, ರೀಬೂಟ್ ಆದ ಮೇಲೆ ತಟ್ಟನೆ ಕಾಣುತ್ತದೆ. ಅಷ್ಟರಲ್ಲಿ ಜನ ಮೂರು ಸಲ ರೀಇನ್‌ಸ್ಟಾಲ್ ಮಾಡಿರುತ್ತಾರೆ.

ಕುಶಾಲನಗರ ಕನ್ಸೋಲ್
ಸರ್ವಿಸ್ ಕಂಡಿತು. ಎನೇಬಲ್ ಮಾಡಿದರೆ ಸರಿಯಾಗಿ 60 ಸೆಕೆಂಡು ಓಡುತ್ತದೆ, ಪುಟವೂ ತೆರೆಯುತ್ತದೆ, ಆಮೇಲೆ ಸಾಯುತ್ತದೆ. ಮತ್ತೆ 60, ಮತ್ತೆ ಸಾವು, ಕೊನೆಗೆ ಮೇಂಟೆನೆನ್ಸ್. ಕಾನ್ಫ್‌ನಲ್ಲಿ "ಡೀಮನ್ ಆಫ್" ಇದೆ, ಕಂಟೈನರ್ ಬಳಕೆಯಿಂದ ಬಂದದ್ದು.

ಸೋಮವಾರಪೇಟೆ ಶೆಲ್
ಆ 60 ನಿಮ್ಮ ಸ್ಟಾರ್ಟ್ ಮೆಥಡ್‌ನ ಟೈಮ್‌ಔಟ್. ಎಸ್‌ಎಂಎಫ್‌ನ ಮಾಮೂಲಿ ಮಾದರಿ ಕಾಂಟ್ರಾಕ್ಟ್: ಸ್ಟಾರ್ಟ್ ಮೆಥಡ್ ಕೆಲಸ ಮುಗಿಸಿ ಹಿಂತಿರುಗಬೇಕು, ಹಿಂದೆ ಬಿಟ್ಟ ಪ್ರೋಸೆಸ್ಸುಗಳನ್ನು ಕರ್ನಲ್ ಲೆಕ್ಕ ಇಡುತ್ತದೆ. ಡೀಮನ್ ಆಫ್ ಇದ್ದರೆ ಮೆಥಡ್ ಹಿಂತಿರುಗುವುದೇ ಇಲ್ಲ. "ಇನ್ನೂ ಶುರುವಾಗಿಲ್ಲ" ಅಂದುಕೊಂಡು ಎಸ್‌ವಿಸಿ.ಸ್ಟಾರ್ಟ್‌ಡಿ ಕೊಲ್ಲುತ್ತದೆ. ಡೀಮನ್ ಸಾಲು ತೆಗೆಯಿರಿ, ಇಲ್ಲವೇ ಸ್ಟಾರ್ಟ್‌ಡಿ ಪ್ರಾಪರ್ಟಿಯಲ್ಲಿ ಡ್ಯೂರೇಶನ್ ಚೈಲ್ಡ್ ಅಂತ ಹಾಕಿ. ಮೊದಲನೆಯದೇ ಒಳ್ಳೆಯದು.

ಅದೇ ಸ್ಟಾರ್ಟ್‌ಡಿ ಗುಂಪಿನಲ್ಲಿ ಇಗ್ನೋರ್_ಎರರ್ ಗೆ "ಕೋರ್,ಸಿಗ್ನಲ್" ಕೊಡಿ. ಇಲ್ಲದಿದ್ದರೆ ಒಂದು ವರ್ಕರ್ (ಮಾಸ್ಟರ್ ಅಡಿಯಲ್ಲಿ ವಿನಂತಿ ನಿಭಾಯಿಸುವ ಪ್ರೋಸೆಸ್) ಬಿದ್ದರೆ ಸಾಕು, ಇಡೀ ಸರ್ವಿಸ್ ರೀಸ್ಟಾರ್ಟ್ ಆಗುತ್ತದೆ. ಬಿದ್ದ ವರ್ಕರ್ ಬದಲಿಗೆ ಇನ್ನೊಂದನ್ನು ಎಬ್ಬಿಸಲು ಎಂಜಿನ್‌ಎಕ್ಸ್ ಮಾಸ್ಟರ್‌ಗೇ ಗೊತ್ತು, ಎಸ್‌ಎಂಎಫ್ ಕೈಹಾಕುವ ಅಗತ್ಯವಿಲ್ಲ.

ಸ್ಟಾರ್ಟ್ ಮೆಥಡ್‌ನಲ್ಲಿ ಮೊದಲು "ಎಂಜಿನ್‌ಎಕ್ಸ್ -ಟಿ" ಓಡಿಸಿ, ಸೋತರೆ 96 ಎಕ್ಸಿಟ್ ಕೋಡ್ ಕೊಡಿ. ಅದು ಎಸ್‌ಎಂಎಫ್ ಭಾಷೆಯಲ್ಲಿ "ಕಾನ್ಫಿಗರೇಶನ್ ತಪ್ಪು". ಪದೇಪದೇ ಪ್ರಯತ್ನಿಸದೆ ನೇರ ಮೇಂಟೆನೆನ್ಸ್‌ಗೆ ಹೋಗುತ್ತದೆ, "ಎಸ್‌ವಿಸಿಎಸ್ -ಎಕ್ಸ್‌ವಿ" ಯಾವ ಲಾಗ್ ನೋಡಬೇಕೆಂದು ಹೇಳುತ್ತದೆ.

ನಾಪೋಕ್ಲು ನೋಡ್
ಪಿಐಡಿ ಫೈಲಿನ (ಪ್ರೋಸೆಸ್ ಸಂಖ್ಯೆ ಬರೆದಿಡುವ ಫೈಲು) ದಾರಿ ಏನು ಕೊಟ್ಟಿದ್ದೀರಿ? /ವರ್/ರನ್/ಎಂಜಿನ್‌ಎಕ್ಸ್ ಡೈರೆಕ್ಟರಿಯನ್ನು ಪ್ಯಾಕೇಜಿನಲ್ಲಿ ಸೇರಿಸಿದ್ದರೆ ಮೊದಲ ರೀಬೂಟ್‌ಗೆ ಹೋಗುತ್ತದೆ. /ವರ್/ರನ್ ಇರುವುದು ಮೆಮೊರಿಯಲ್ಲಿ, 11ರಲ್ಲಿ ಅದು /ಸಿಸ್ಟಂ/ವೊಲಟೈಲ್‌ಗೆ ಕೊಂಡಿ. ಇನ್‌ಸ್ಟಾಲ್ ದಿನ ಎಲ್ಲ ಸರಿ. ಕಕ್ಕಡದ ಮಳೆಗೆ ಕರೆಂಟು ಹೋಗಿ ಯುಪಿಎಸ್ ಕೈಬಿಟ್ಟು ಯಂತ್ರ ಮತ್ತೆ ಎದ್ದಾಗ ಸರ್ವಿಸ್ ಏಳುವುದಿಲ್ಲ. ಡೈರೆಕ್ಟರಿಯನ್ನು ಸ್ಟಾರ್ಟ್ ಮೆಥಡ್ ಒಳಗೆ ಸೃಷ್ಟಿಸಿ.

ನಾನಾದರೆ ರೂಟ್ ಬಳಸುವುದೇ ಇಲ್ಲ. ಮೆಥಡ್ ಕ್ರೆಡೆನ್ಶಿಯಲ್‌ನಲ್ಲಿ ಯೂಸರ್ ವೆಬ್‌ಸರ್ವ್‌ಡಿ, ಪ್ರಿವಿಲೆಜಸ್ "ಬೇಸಿಕ್,ನೆಟ್_ಪ್ರಿವ್‌ಅಡ್ರ್". 1024ರ ಕೆಳಗಿನ ಪೋರ್ಟ್ ಹಿಡಿಯಲು ಅಷ್ಟು ಸಾಕು. ಪಿಐಡಿ, ಲಾಗ್, ಐದು ಟೆಂಪ್ ಡೈರೆಕ್ಟರಿ (ಕ್ಲೈಂಟ್ ಬಾಡಿ, ಪ್ರಾಕ್ಸಿ, ಫಾಸ್ಟ್‌ಸಿಜಿಐ, ಯುಡಬ್ಲ್ಯುಎಸ್‌ಜಿಐ, ಎಸ್‌ಸಿಜಿಐ) ಎಲ್ಲವನ್ನೂ ವೆಬ್‌ಸರ್ವ್‌ಡಿ ಬರೆಯಬಲ್ಲ ಜಾಗಕ್ಕೆ ತಿರುಗಿಸಬೇಕು. ಕಾನ್ಫ್‌ನಲ್ಲಿ ಯೂಸರ್ ಸಾಲು ಇದ್ದರೆ "ಇಗ್ನೋರ್ಡ್" ಅಂತ ಎಚ್ಚರಿಕೆ ಬರುತ್ತದೆ, ಸಾಲು ತೆಗೆದರಾಯಿತು.

ಸ್ಪಾರ್ಕ್ ಅಜ್ಜ, ಮಡಿಕೇರಿ
ಇಲ್ಲಿ ನನ್ನದು ಭಿನ್ನಮತ. ಮಾಸ್ಟರ್ ವೆಬ್‌ಸರ್ವ್‌ಡಿ ಆದರೆ ಟಿಎಲ್‌ಎಸ್ ಖಾಸಗಿ ಕೀಲಿಯನ್ನೂ ವೆಬ್‌ಸರ್ವ್‌ಡಿ ಓದುವಂತೆ ಇಡಬೇಕು. ಅಂದರೆ ವರ್ಕರ್‌ನಲ್ಲಿ ತೂತು ಬಿದ್ದರೆ ಕೀಲಿ ಫೈಲೂ ತೆರೆದ ಹಾಗೆ. ಮಾಸ್ಟರ್ ರೂಟ್ ಆಗಿದ್ದರೆ ಫೈಲು 0400, ರೂಟ್‌ನದೇ. ಟಿಎಲ್‌ಎಸ್ ಇದೇ ಯಂತ್ರದಲ್ಲಿ ಮುಗಿಯುವುದಾದರೆ ರೂಟ್ ಮಾಸ್ಟರ್, ಮುಂದೆ ಬೇರೆ ಪ್ರಾಕ್ಸಿ ಇದ್ದರೆ ನಾಪೋಕ್ಲು ದಾರಿ.

ಹಾಗೇ ಟಿಎಲ್‌ಎಸ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ: "--ವಿತ್-ಓಪನ್‌ಎಸ್‌ಎಸ್‌ಎಲ್=ಸೋರ್ಸ್" ಕೊಟ್ಟರೆ ಅದು ಬೈನರಿಯೊಳಗೇ ಬೆಸೆದುಕೊಳ್ಳುತ್ತದೆ. ಆಮೇಲೆ ಓಪನ್‌ಎಸ್‌ಎಸ್‌ಎಲ್‌ನ ಪ್ರತಿ ಭದ್ರತಾ ದೋಷಕ್ಕೂ ನೀವೇ ಮತ್ತೆ ಕಟ್ಟಿ ಹಂಚಬೇಕು. ಸಿಸ್ಟಂನದ್ದನ್ನು ಡೈನಮಿಕ್ ಆಗಿ ಬಳಸಿದರೆ ಎಸ್‌ಆರ್‌ಯು (ಒರಾಕಲ್ ಕಾಲಕಾಲಕ್ಕೆ ಕೊಡುವ ಸೋಲಾರಿಸ್ ಅಪ್‌ಡೇಟ್) ಜೊತೆ ತಾನಾಗಿ ಬರುತ್ತದೆ.

ಇವೆಂಟ್ ವಿಧಾನದ (ಸಂಪರ್ಕಗಳ ಮೇಲೆ ಕಣ್ಣಿಡುವ ಬಗೆ) ಬಗ್ಗೆ ಒಂದು ಸಾಲು: ಇವೆಂಟ್‌ಪೋರ್ಟ್ ಇದೆ ಅಂತ ಆಸೆಪಡಬೇಡಿ. ಅದರಲ್ಲಿ ಗೊತ್ತಿರುವ ತೊಂದರೆಗಳಿವೆ, /ಡೆವ್/ಪೋಲ್ ಬಳಸಿ ಅಂತ ಎಂಜಿನ್‌ಎಕ್ಸ್ ದಾಖಲೆಯೇ ಹೇಳುತ್ತದೆ.

ವಿರಾಜಪೇಟೆ ವಿಐ
ಸೋಲಾರಿಸ್ 10ರದ್ದು ನಾನು ಹೇಳುತ್ತೇನೆ. ಅಲ್ಲಿ ಐಪಿಎಸ್ ಇಲ್ಲ, ಹಳೆಯ ಎಸ್‌ವಿಆರ್4 ಮಾದರಿಯ ಪ್ಯಾಕೇಜು. ಬೈನರಿಯನ್ನೂ 10ರಲ್ಲೇ ಕಟ್ಟಬೇಕು, 11ರದ್ದು ಅಲ್ಲಿ ಓಡುತ್ತದೆಂದು ನಂಬಬೇಡಿ.

ಪಾತ್‌ನಲ್ಲಿ /ಯುಎಸ್‌ಆರ್/ಎಕ್ಸ್‌ಪಿಜಿ4/ಬಿನ್ ಮುಂದಿರಲಿ, /ಯುಎಸ್‌ಆರ್/ಸಿಸಿಎಸ್/ಬಿನ್ ಕೂಡ ಇರಲಿ, ಎಆರ್ ಇರುವುದು ಅಲ್ಲಿ. ಅಲ್ಲಿನ /ಬಿನ್/ಎಸ್‌ಎಚ್ ಹಳೆಯ ಬೋರ್ನ್ ಶೆಲ್, $( ) ಅರ್ಥವಾಗದು. ಸೋರ್ಸನ್ನು ಜಿಟಾರ್‌ನಿಂದಲೇ ಬಿಚ್ಚಿ. ಉದ್ದ ಹೆಸರಿನ ಫೈಲುಗಳಿದ್ದರೆ ಸನ್ ಟಾರ್ "ಚೆಕ್‌ಸಮ್ ಎರರ್" ಅಂತ ನಡುವೆಯೇ ನಿಲ್ಲುತ್ತದೆ.

ಪಿಕೆಜಿಇನ್ಫೋ ಫೈಲಿನಲ್ಲಿ ಪಿಕೆಜಿ, ನೇಮ್, ಆರ್ಚ್, ವರ್ಶನ್, ಕ್ಯಾಟಗರಿ, ಬೇಸ್‌ಡಿರ್, ಕ್ಲಾಸಸ್ ಬರೆಯಿರಿ. ಆಮೇಲೆ ಪ್ರೋಟೋ ಒಳಗೆ ನಿಂತು "ಫೈಂಡ್ . -ಪ್ರಿಂಟ್ | ಪಿಕೆಜಿಪ್ರೋಟೋ > ../ಪ್ರೋಟೋಟೈಪ್". ಫೈಲು ಒಂದು ಹಂತ ಹೊರಗೆ ಹೋಗಲಿ, ಇಲ್ಲದಿದ್ದರೆ ಪ್ರೋಟೋಟೈಪ್ ತನ್ನನ್ನೇ ಪಟ್ಟಿಗೆ ಸೇರಿಸಿಕೊಳ್ಳುತ್ತದೆ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಓನರ್ ಜಾಗದಲ್ಲಿ ನಿಮ್ಮ ಲಾಗಿನ್ ಹೆಸರು ಬಂದಿರುತ್ತದೆ. ಎನ್‌ಆಕ್‌ನಿಂದ 5ನೇ ಕಾಲಂ ರೂಟ್, 6ನೇ ಕಾಲಂ ಬಿನ್ ಮಾಡಿ, ಆದರೆ ಡಿ ಮತ್ತು ಎಫ್ ಸಾಲುಗಳಿಗೆ ಮಾತ್ರ. ಎಸ್ ಅಂದರೆ ಸಿಂಬಾಲಿಕ್ ಲಿಂಕ್ ಸಾಲಿಗೆ ಮೂರೇ ಕಾಲಂ; ಅದಕ್ಕೂ ಹಚ್ಚಿದರೆ ಸಾಲು ಕೆಟ್ಟು ಪಿಕೆಜಿಎಂಕೆ ನಿಲ್ಲುತ್ತದೆ. ತಲೆಗೆ "ಐ ಪಿಕೆಜಿಇನ್ಫೋ" ಸಾಲು ಸೇರಿಸಿ.

ಪಿಕೆಜಿಎಂಕೆ -ಒ -ಆರ್ ಪ್ರೋಟೋ -ಡಿ /ವರ್/ಟಿಎಂಪಿ/ಸ್ಪೂಲ್, ಆಮೇಲೆ "ಪಿಕೆಜಿಟ್ರಾನ್ಸ್ -ಎಸ್" ಕೊಟ್ಟರೆ ಎಲ್ಲ ಒಂದೇ ಫೈಲಾಗುತ್ತದೆ. ಝೋನ್‌ಗಳಿದ್ದರೆ ನೆನಪಿಡಿ: ಗ್ಲೋಬಲ್ ಝೋನ್‌ನಲ್ಲಿ ಪಿಕೆಜಿಆಡ್ ಮಾಡಿದರೆ ಎಲ್ಲ ಝೋನ್‌ಗೂ ಹೋಗುತ್ತದೆ. ಬೇಡವಾದರೆ -ಜಿ (ದೊಡ್ಡಕ್ಷರದ್ದು).

ನಾಪೋಕ್ಲು ನೋಡ್
ಕನ್ಸೋಲ್, ಎರಡು 11.4 ಯಂತ್ರಗಳ ಎಸ್‌ಆರ್‌ಯು ಒಂದೇನಾ? ಪಿಕೆಜಿಡಿಪೆಂಡ್ ರಿಸಾಲ್ವ್ ಬರೆಯುವ ಡಿಪೆಂಡ್ ಸಾಲಿನಲ್ಲಿ ಕಟ್ಟಿದ ಯಂತ್ರದಲ್ಲಿರುವ ಲೈಬ್ರರಿ ಪ್ಯಾಕೇಜಿನ ಆವೃತ್ತಿಯೇ ಬರುತ್ತದೆ. ಹೊಸ ಎಸ್‌ಆರ್‌ಯುನಲ್ಲಿ ಕಟ್ಟಿದರೆ ಹಳೆಯದರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ಎಲ್ಲಕ್ಕಿಂತ ಹಳೆಯ ಎಸ್‌ಆರ್‌ಯು ಇರುವ ಯಂತ್ರದಲ್ಲಿ ಒಂದು ಝೋನ್ ಮಾಡಿ ಅಲ್ಲೇ ಕಟ್ಟಿ. ಹೊಸದರಲ್ಲಿ ತಾನಾಗಿ ಕೂರುತ್ತದೆ.

ನೆಟ್ ಸತ್ತಿದ್ದರೆ ರೆಪೋ ತನಕ ಹೋಗಬೇಕಿಲ್ಲ. "ಪಿಕೆಜಿಆರ್‌ಇಸಿವಿ -ಎಸ್ ರೆಪೋ -ಎ -ಡಿ ಎನ್.ಪಿ5ಪಿ ಪ್ಯಾಕೇಜು-ಹೆಸರು" ಅಂದರೆ ಒಂದೇ ಫೈಲು. ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿ "ಪಿಕೆಜಿ ಇನ್‌ಸ್ಟಾಲ್ -ಜಿ ಎನ್.ಪಿ5ಪಿ ಪ್ಯಾಕೇಜು-ಹೆಸರು". ಈ -ಜಿ ಚಿಕ್ಕಕ್ಷರದ್ದು, ವಿಐ ಅಣ್ಣ ಹೇಳಿದ್ದಲ್ಲ.

ಏಲಕ್ಕಿ ಮಲೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಐಬಿಎಂನ ಯೂನಿಕ್ಸ್ ಎಐಎಕ್ಸ್‌ನಲ್ಲೂ ಇದೇ ರನ್‌ಪಾತ್ ಗೋಳಾ?

ಸ್ಪಾರ್ಕ್ ಅಜ್ಜ, ಮಡಿಕೇರಿ
ಅಲ್ಲಿ ಉಲ್ಟಾ. ನೀವು ಏನೂ ಹೇಳದಿದ್ದರೆ -ಎಲ್ ಕೊಟ್ಟ ದಾರಿಗಳೇ ಬೈನರಿಯೊಳಗೆ ಅಚ್ಚಾಗುತ್ತವೆ, ಕಟ್ಟಿದ ಡೈರೆಕ್ಟರಿಯೂ ಸೇರಿ. ಯಾರು ಬೇಕಾದರೂ ಬರೆಯಬಲ್ಲ ಜಾಗ ಅದಾದರೆ ಭದ್ರತೆಗೆ ತೂತು. "-ಬಿಲಿಬ್‌ಪಾತ್:" ಕೊಟ್ಟು ನೀವೇ ನಿರ್ಧರಿಸಿ, "ಡಂಪ್ -ಎಕ್ಸ್64 -ಎಚ್" ಹೊಡೆದು ಪರೀಕ್ಷಿಸಿ. ಆಬ್ಜೆಕ್ಟ್_ಮೋಡ್=64 ಮರೆತರೆ ಎಆರ್ ನಿಮ್ಮ 64 ಬಿಟ್ ಆಬ್ಜೆಕ್ಟುಗಳನ್ನು ಮುಟ್ಟುವುದಿಲ್ಲ. ಪ್ಯಾಕೇಜು ಎಂಕೆಇನ್‌ಸ್ಟಾಲ್‌ಪಿ, ಸರ್ವಿಸಿಗೆ ಎಂಕೆಎಸ್‌ಎಸ್‌ವೈಎಸ್. ಉಳಿದದ್ದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಕಲಬೆರಕೆ ಬೇಡ.

ಕುಶಾಲನಗರ ಕನ್ಸೋಲ್
ಎರಡೂ 11.4ರಲ್ಲಿ ಕೂತಿತು, ಪಿಕೆಜಿ ವೆರಿಫೈ ಕೂಡ ಸುಮ್ಮನಿದೆ. ಆದರೆ ಹೊರಗಿನ ಮಾಡ್ಯೂಲ್ ಇರುವ ವರ್ಕರ್ ಆಗಾಗ ಬಸ್ ಎರರ್ ಅಂತ ಕೋರ್ ಹಾಕುತ್ತದೆ. ಅದೇ ಸೋರ್ಸ್ ಎಕ್ಸ್86ರಲ್ಲಿ (ಇಂಟೆಲ್ ಬಗೆಯ ಪ್ರೊಸೆಸರ್) ನೆಟ್ಟಗಿದೆ.

ಸ್ಪಾರ್ಕ್ ಅಜ್ಜ, ಮಡಿಕೇರಿ
"ಪಿಸ್ಟ್ಯಾಕ್ ಕೋರ್" ಹೊಡೆದು ಮೇಲಿನ ಎರಡು ಫಂಕ್ಷನ್ ಹೆಸರು ನೋಡಿ. ಬಹುತೇಕ ಅಲ್ಲಿ ಕ್ಯಾರೆಕ್ಟರ್ ಪಾಯಿಂಟರನ್ನು 32 ಬಿಟ್ ಪೂರ್ಣಾಂಕದ ಪಾಯಿಂಟರ್ ಅಂತ ಕಾಸ್ಟ್ ಮಾಡಿ ಓದಿರುತ್ತಾರೆ. 4ರಿಂದ ಭಾಗವಾಗದ ವಿಳಾಸದಿಂದ 4 ಬೈಟು ಓದಿದರೆ ಎಕ್ಸ್86 ಸಹಿಸಿಕೊಳ್ಳುತ್ತದೆ, ಸ್ಪಾರ್ಕ್ ಸಿಗ್‌ಬಸ್ ಕೊಡುತ್ತದೆ. ಆ ಸಾಲಿನ ಬದಲು ಮೆಮ್‌ಕಾಪಿ ಹಾಕಿ. ಹಾಗೇ ಆ ಮಾಡ್ಯೂಲ್ ಬೈಟುಗಳನ್ನು ಕೈಯಲ್ಲಿ ಜೋಡಿಸುತ್ತಿದ್ದರೆ ಎಂಡಿಯನ್ (ಬೈಟುಗಳ ಕ್ರಮ) ಕೂಡ ನೋಡಿ, ಸ್ಪಾರ್ಕ್ ದೊಡ್ಡ ತುದಿಯದ್ದು. ಅಲ್ಲಿ ಕೋರ್ ಬೀಳುವುದಿಲ್ಲ, ತಪ್ಪು ಉತ್ತರ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಪ್ಯಾಚನ್ನು ಮಾಡ್ಯೂಲ್ ಬರೆದವರಿಗೂ ಕಳಿಸಿ, ಇಲ್ಲದಿದ್ದರೆ ಪ್ರತಿ ಆವೃತ್ತಿಗೂ ನೀವೇ ಹೊರಬೇಕು.

ಸೋಮವಾರಪೇಟೆ ಶೆಲ್
ಲಾಗ್, ಅಪ್‌ಲೋಡ್ ಎಲ್ಲ ಎಲ್ಲಿಟ್ಟಿದ್ದೀರಿ? ಬರೀ /ವರ್ ಅಡಿಯಲ್ಲಿದ್ದರೆ ಅದು ಬೂಟ್ ಎನ್ವಿರಾನ್‌ಮೆಂಟಿನ (ಬಿಇ) ಭಾಗ. ಅಪ್‌ಡೇಟ್ ಕೆಟ್ಟು ಬಿಇಎಡಿಎಂನಿಂದ ಹಳೆಯದಕ್ಕೆ ಮರಳಿದರೆ ಲಾಗೂ ಅಪ್‌ಲೋಡೂ ಅಪ್‌ಡೇಟಿನ ಹಿಂದಿನ ದಿನಕ್ಕೆ ಮರಳುತ್ತವೆ, ನಡುವಿನದ್ದು ಹೊಸ ಬಿಇಯಲ್ಲಿ ಸಿಕ್ಕಿಕೊಂಡಿರುತ್ತದೆ. /ವರ್/ಶೇರ್ ಎಲ್ಲ ಬಿಇಗಳಿಗೂ ಒಂದೇ. ಅಲ್ಲಿಡಿ, ಅಥವಾ ಪ್ರತ್ಯೇಕ ಝಡ್‌ಎಫ್‌ಎಸ್ ಡೇಟಾಸೆಟ್ ಮಾಡಿ.

ಕುಶಾಲನಗರ ಕನ್ಸೋಲ್
/ವರ್ ಅಡಿಯಲ್ಲೇ ಇದೆ ಅಕ್ಕ. ಮೆಮ್‌ಕಾಪಿ ಪ್ಯಾಚು, /ವರ್/ಶೇರ್ ದಾರಿ ಎರಡೂ ಸೇರಿಸಿ 1.26.2-2 ಕಟ್ಟುತ್ತಿದ್ದೇನೆ. ಪ್ರೋಟೋ ಅಳಿಸಿಯೇ ಶುರು ಮಾಡಿದ್ದೇನೆ.